ಕಪ್ಪುರದ ಸಂಚಿ

ಬಸವಕಲ್ಯಾಣದಲ್ಲಿ ತ್ರಿಪುರಾಂತದ ಕಡೆ ಹೋಗುವ ಓಣಿಯೊಳಗೆ ಪಾರ್ವತಿಬಾಯಿಯ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ಬಾಗಿಲಿನ ಬಣ್ಣ ಹೇಳುವುದಿಲ್ಲ. “ವಾಸನಿ ಹಿಡಕೊಂಡು ಹೋಗ್ರಿ, ಸಿಗತದ” ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಪಾರ್ವತಿಬಾಯಿ ಸೆರಗನ್ನು ತುಸು ಬಿಗಿಯಾಗಿ ಹೊದ್ದು, ಕೇಳಿಸಲಿಲ್ಲವೆನ್ನುವ ಹಾಗೆ ನಡೆಯುತ್ತಿದ್ದಳು. ಒಳಗೊಳಗೆ ಹಿಗ್ಗುತ್ತಿದ್ದಳು.

ಆಕೆ ಮಾಡುತ್ತಿದ್ದದ್ದು ಅಂಗೈಯಷ್ಟು ದೊಡ್ಡ ಬಟ್ಟೆಯ ಸಂಚಿಗಳು. ಲಾವಂಚ, ಖಸ್ ಅಂತೆಲ್ಲ ಅನ್ನುವ ಬಾಳದ ಬೇರು, ನೆರಳಲ್ಲಿ ಒಣಗಿಸಿದ ಗುಲಾಬಿ ಪಕಳೆ, ಕಚೋರ, ದವನ, ಒಂದೆರಡು ಲವಂಗ, ಕಡೆಗೆ ಕಪ್ಪುರ. ಎಲ್ಲವನ್ನೂ ಮಲಮಲ್ ಬಟ್ಟೆಯಲ್ಲಿ ಕಟ್ಟಿ, ಮೇಲೆ ಖಣದ ತುಂಡು ಹೊಲಿದು, ಬಾಯಿಗೆ ದಾರ ಎಳೆದರೆ ಸಂಚಿ ತಯಾರು. ಸೀರೆಯ ಮಡಿಕೆಯಲ್ಲಿ ಒಂದು ಇಟ್ಟರೆ ಟ್ರಂಕಿಗೆ ನುಸಿ ಬರುವುದಿಲ್ಲ. ಟ್ರಂಕು ತೆರೆದಾಗ ಗುಡಿಯ ಬಾಗಿಲು ತೆರೆದ ಹಾಗಾಗುತ್ತದೆ.

ಇದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಮುಡಬಿಯಿಂದ ಮದುವೆಯಾಗಿ ಬಂದಾಗ ಅತ್ತೆಯ ಪೆಟ್ಟಿಗೆಯಲ್ಲಿ ಇಂಥ ಒಂದು ಸಂಚಿ ಇತ್ತು. ಅತ್ತೆ ಬಿಗಿ ಹೆಂಗಸು. ಸೊಸೆಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳೇ ಹೊರತು ಸಂಚಿಯ ಗುಟ್ಟು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಪಾರ್ವತಿಬಾಯಿ ಆ ಹಳೆಯ ಸಂಚಿಯನ್ನು ಬಿಚ್ಚಿ, ಒಳಗಿನ ಪುಡಿಯನ್ನು ಅಂಗೈಯಲ್ಲಿ ಹರಡಿಕೊಂಡು, ಒಂದೊಂದನ್ನೇ ಮೂಗಿಗೆ ಹಿಡಿದು ಕಲಿತಳು. ಎಷ್ಟೋ ಸಲ ಕೆಟ್ಟಿತು. ಹಸಿ ಪಕಳೆ ಹಾಕಿ ಬೂಷ್ಟು ಹಿಡಿಯಿತು. ಕಪ್ಪುರ ಗಾಳಿಗೆ ಹಾರಿಹೋಯಿತು. ಕಪ್ಪುರದ ಜೊತೆ ಲವಂಗ ಇಟ್ಟರೆ ಅದು ಹಾರುವುದಿಲ್ಲ ಎಂದು ತಾನೇ ಕಂಡುಕೊಂಡಳು. ಗಂಡ ಮಹಾರುದ್ರಪ್ಪ ಬಟ್ಟೆ ಅಂಗಡಿಯಲ್ಲಿ ಕೂಡುತ್ತಿದ್ದವನು, ಕತ್ತರಿಸಿ ಉಳಿದ ಖಣದ ತುಂಡುಗಳನ್ನು ಕಿಸೆಯಲ್ಲಿ ತುಂಬಿಕೊಂಡು ಬರುತ್ತಿದ್ದ. “ಊರ ಮಂದಿ ಹೆಂಡ್ತಿಗೆ ಮಲ್ಲಿಗಿ ಒಯ್ತಾರ, ನಾ ಚಿಂದಿ ಒಯ್ತೀನಿ” ಅಂತ ಅಂಗಡಿಯಲ್ಲಿ ನಗಾಡುತ್ತಿದ್ದ.

ತಯಾರಾದ ಸಂಚಿಗಳನ್ನು ಪಾರ್ವತಿಬಾಯಿ ದೇವರಕೋಣೆಯ ಜಗಲಿಯ ಮೇಲೆ ದೇವರ ಮುಂದೆ ಇಟ್ಟು, ವಿಭೂತಿ ಹಚ್ಚಿ, ಕೈಮುಗಿದು ಆಮೇಲೆಯೇ ಹೊರಗೆ ಕೊಡುತ್ತಿದ್ದಳು. ಮಾರುತ್ತಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಹುಡುಗಿಯ ಟ್ರಂಕಿಗೆ ಆಕೆಯ ಸಂಚಿ ಹೋಗುತ್ತಿತ್ತು.

ಇಶ್ರತ್ ಅದೇ ಓಣಿಯವಳು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಆಕೆಯ ಗಂಡ ಶಂಶುದ್ದೀನ್ ತಗಡಿನ ಟ್ರಂಕು, ಕಬ್ಬಿಣದ ಅಲಮಾರಿ ಮಾಡುವವನು. ಹುಮನಾಬಾದಿನಲ್ಲಿ ದೊಡ್ಡ ಜಾಗ ಸಿಕ್ಕಿತೆಂದು ಅವರು ಅಲ್ಲಿಗೆ ಹೋಗಿ ಬಹಳ ವರ್ಷವಾದವು. ಹೋಗುವಾಗ ಅವರ ಮಗಳು ಮೀನಾಜ್ ಪಾರ್ವತಿಬಾಯಿಯ ಕಂಕುಳಿನಿಂದ ಇಳಿಯಲಿಲ್ಲ. ಆ ಕೂಸಿಗೆ ಎಣ್ಣೆ ಹಚ್ಚಿ ಎರೆದ ಕೈ ಪಾರ್ವತಿಬಾಯಿಯದು. ಊರು ಬೇರೆಯಾದರೂ ಹೋಗಿ ಬರುವುದು ನಿಲ್ಲಲಿಲ್ಲ. ಸಸ್ತಾಪುರ ಬಂಗ್ಲಾಕ್ಕೆ ಬಂದು ಬಸ್ಸು ಹಿಡಿದರೆ ಹುಮನಾಬಾದು ಎಷ್ಟು ದೂರ?

ಆ ಮೀನಾಜಳ ಮದುವೆ ಗೊತ್ತಾಯಿತು. ಹುಡುಗ ಚಿಟಗುಪ್ಪಾದವನು. ಇಶ್ರತ್ ಫೋನು ಮಾಡಿದಳು.

“ಅಕ್ಕಾ, ಹುಡುಗಿ ಅಲಮಾರಿ ಅವರಪ್ಪನೇ ಮಾಡಾಕತ್ತಾನ. ಸಂಚಿ ಮಾತ್ರ ನಿಮ್ದೇ ಬೇಕಂತ ಮೀನಾಜ್ ಹಟ ಹಿಡದಾಳ.”

“ಕೇಳಬೇಕೇನ ತಂಗಿ? ನಾ ಆಗ್ಲೇ ಬೇರು ತರಿಸೀನಿ.”

“ಖಸ್ ಹಾಕ್ರಿ, ಗುಲಾಬ್ ಹಾಕ್ರಿ. ಬ್ಯಾರೆ ಏನೂ ಬ್ಯಾಡ ಅಕ್ಕಾ.”

“ಆತು ಆತು.”

“ಬ್ಯಾರೆ ಏನೂ ಬ್ಯಾಡ” ಎಂದು ಇಶ್ರತ್ ಇನ್ನೊಮ್ಮೆ ಅಂದಳು. ಆಮೇಲೆ ಮಾತು ಹೋಳಿಗೆ, ಬಳೆ, ಚಿಟಗುಪ್ಪಾದವರ ಗತ್ತು ಅಂತ ಬೇರೆ ಕಡೆ ಹೋಯಿತು.

ಸಂಚಿ ಹೊಲಿಯಲು ಕುಳಿತಾಗ ಸೊಸೆ ಶೀತಲ್ ಜೊತೆಗಿದ್ದಳು. ಪಾರ್ವತಿಬಾಯಿ ಕಪ್ಪುರದ ಡಬ್ಬಿ ತೆಗೆದದ್ದು ನೋಡಿ ಅವಳು ಸೂಜಿ ನಿಲ್ಲಿಸಿದಳು.

“ಅತ್ತಿ, ಅವರು ಖಸ್ ಗುಲಾಬ್ ಅಷ್ಟೇ ಅಂದಿದ್ರಲ್ಲ?”

“ನಮಗ ತ್ರಾಸು ಆಗಬಾರದಂತ ಹಾಂಗ ಅಂದಾಳ. ನಾಚಿಕಿ ಹೆಂಗಸು ಆಕಿ.”

“ಎರಡು ಸಲ ಅಂದ್ರು. ನಾ ಇಲ್ಲೇ ಕೂತಿದ್ದೆ, ಫೋನು ಸ್ಪೀಕರಿನ್ಯಾಗಿತ್ತು.”

“ಕಪ್ಪುರ ಇಲ್ಲದ್ದು ದೇವರ ಮುಂದ ಹ್ಯಾಂಗ ಇಡ್ಲಿ? ನಾ ಎತ್ತಿ ಆಡಿಸಿದ ಕೂಸಿನ ಮದುವಿಗೆ ಅರೆಬರೆ ಸಂಚಿ ಕೊಡ್ಲೇನು? ಸುಮ್ಮ ಹೊಲಿ.”

ಶೀತಲ್ ಮತ್ತೆ ಸೂಜಿ ಎತ್ತಿಕೊಂಡಳು. ಡಬ್ಬಿ ಸರಿಸುವಾಗ ಅವಳ ಕೈ ಒರಳಿಗೆ ತಾಗಿ ಒಂದು ಬಳೆ ಚೂರಾಯಿತು. “ಅಯ್ಯ, ಬಳಿ ಒಡೀತು” ಅಂದಳು.

ಪಾರ್ವತಿಬಾಯಿಯ ಕಣ್ಣು ಕೆಂಪಾದವು. “ಒಡೀತು ಅಂತಾರೇನ ಮುತ್ತೈದಿ? ಹೆಚ್ಚಾತು ಅನ್ನು. ಬಾಯಿಂದ ಏನು ಬರ್ತದ ಅನ್ನೂದರ ಮ್ಯಾಲ ಲಕ್ಷ್ಯ ಇರಲಿ. ಶುಭ ಕೆಲಸ ನಡದದ.”

“ಹೆಚ್ಚಾತು” ಎಂದು ತಿದ್ದಿಕೊಂಡು ಶೀತಲ್ ಚೂರು ಆಯ್ದಳು. ಪಾರ್ವತಿಬಾಯಿ ಪ್ರತಿ ಸಂಚಿಗೂ ಎಂದಿಗಿಂತ ಒಂದು ಚಿಟಿಕೆ ಹೆಚ್ಚೇ ಕಪ್ಪುರ ಹಾಕಿದಳು. ಪ್ರೀತಿ ಹೆಚ್ಚಿದ್ದಲ್ಲಿ ಕೈಯೂ ಧಾರಾಳವಾಗುತ್ತದಲ್ಲ.

ಹುಮನಾಬಾದಿಗೆ ತಾನೇ ಒಯ್ದಳು. ಆ ದಿನ ಇಶ್ರತ್ ದರ್ಜಿಯ ಅಂಗಡಿಗೆ ಹೋಗಿದ್ದಳು. ಮೀನಾಜ್ ಓಡಿ ಬಂದು “ಖಾಲಾ!” ಎಂದು ಕುತ್ತಿಗೆಗೆ ಬಿದ್ದಳು. ಹಜಾರದಲ್ಲಿ ಶಂಶುದ್ದೀನನ ಹೊಸ ಅಲಮಾರಿ ಮದುಮಗನ ಹಾಗೆ ನಿಂತಿತ್ತು. ಹೊರಗಿನ ಹಸಿರು ಬಣ್ಣ ಇನ್ನೂ ಹಸಿಯಾಗಿದ್ದು, ಮನೆ ತುಂಬ ಪೇಂಟಿನದೇ ವಾಸನೆ.

“ಕೈ ತಾಗಿಸಬ್ಯಾಡ್ರಿ ಭಾಬಿ, ಬಣ್ಣ ಹತ್ತತದ” ಅಂದ ಶಂಶುದ್ದೀನ್. “ಬಾಗಿಲು ಹಾಕಿದರ ಇರುವಿ ಸುದ್ದಾ ಒಳಗ ಹೋಗೂದಿಲ್ಲ, ಗಾಳಿ ಹೊರಗ ಬರೂದಿಲ್ಲ. ನನ್ನ ಕೈಯಾಗಿನ ಕಡೀ ಕೆಲಸ ಇದೇ ಆದರೂ ಚಿಂತಿಲ್ಲ.”

“ಹಾಂಗ ಯಾಕ ಅಂತೀರಿ? ಮೊಮ್ಮಕ್ಕಳ ತೊಟ್ಟಿಲು ಯಾರು ಮಾಡೋರು?” ಅಂದಳು ಪಾರ್ವತಿಬಾಯಿ. ಮಡಿಚಿಟ್ಟ ಮದುವೆ ಬಟ್ಟೆಯ ಜೋಡುಗಳ ನಡುವೆ, ದುಪಟ್ಟಾಗಳ ಕೆಳಗೆ, ಶಾಲಿನ ಮಡಿಕೆಯಲ್ಲಿ ತಾನೇ ಒಂದೊಂದು ಸಂಚಿ ಇಟ್ಟಳು. ಶಂಶುದ್ದೀನ್ ಅಲಮಾರಿಗೆ ಬೀಗ ಹಾಕಿದ; ಬಣ್ಣ ಆರಿದ ಮೇಲೆ, ಗೀರು ಬೀಳಬಾರದೆಂದು ಚಾದರು ಸುತ್ತಿ, ಹಗ್ಗ ಕಟ್ಟಿದ. ಮಾಂಜಾದ ದಿನದ ತನಕ ಅದನ್ನು ಯಾರೂ ಬಿಚ್ಚಲಿಲ್ಲ.

ಮಾಂಜಾ ಎಂದರೆ ಹುಡುಗಿಗೆ ಅರಿಷಿಣ ಹಚ್ಚುವ ದಿನ. ಚಿಟಗುಪ್ಪಾದಿಂದ ಗಂಡಿನ ಕಡೆಯ ಹೆಂಗಸರು ಬಂದರು. ಎಲ್ಲರ ಮುಂದೆ ಹುಡುಗನ ದಾದಿ, ಅಂದರೆ ಅಪ್ಪನ ತಾಯಿ. ಬೆಳ್ಳನೆಯ ದುಪಟ್ಟಾ ಹೊದ್ದ ಸಣ್ಣ ಆಕೃತಿ. ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡವಳು. ಪಾರ್ವತಿಬಾಯಿಯೂ ಅಂದು ಟ್ರಂಕಿನ ತಳದಲ್ಲಿದ್ದ ತನ್ನ ಇಳಕಲ್ ಸೀರೆ ತೆಗೆದುಟ್ಟು ಬಂದಿದ್ದಳು. ಇಶ್ರತ್ ಆಕೆಯನ್ನು ಕೈಹಿಡಿದು ಮುಂದಿನ ಸಾಲಿನಲ್ಲಿ ದಾದಿಯ ಪಕ್ಕ ಕೂಡಿಸಿ, “ಇವರು ನನ್ನ ಅಕ್ಕ, ಕಲ್ಯಾಣದವ್ರು” ಎಂದು ಪರಿಚಯ ಮಾಡಿಸಿದ್ದಳು.

ಅರಿಷಿಣ ಹಚ್ಚಿದ್ದಾಯಿತು. ಹಾಡು, ನಗೆ, ಒಬ್ಬರ ಕೆನ್ನೆಗೆ ಒಬ್ಬರು ಅರಿಷಿಣ ಬಳಿಯುವ ಗದ್ದಲ. “ಈಗ ಅಲಮಾರಿ ತೋರಿಸ್ರಿ, ಅಪ್ಪನ ಕೈಗುಣ ನೋಡೋಣು” ಎಂದಳು ಹುಡುಗನ ಫೂಫಿ, ದಾದಿಯ ಮಗಳು, ಗಟ್ಟಿ ದನಿಯ ಹೆಂಗಸು. ಇಶ್ರತ್ ಬೀಗ ತೆಗೆದು ಎರಡೂ ಬಾಗಿಲು ಒಮ್ಮೆಲೆ ಎಳೆದಳು.

ಪೇಂಟಿನ ವಾಸನೆ ಎಂದೋ ಹೋಗಿತ್ತು. ಒಳಗೆ ತಿಂಗಳೊಪ್ಪತ್ತು ಕೂಡಿಬಿದ್ದಿದ್ದ ಕಪ್ಪುರದ ವಾಸನೆ ಬುಗ್ಗೆಂದು ಹಜಾರ ತುಂಬಿತು.

ಹಾಡು ನಿಂತಿತು. ದಾದಿ ಒಂದು ಹೆಜ್ಜೆ ಹಿಂದೆ ಸರಿದು ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. ಅದನ್ನು ನೋಡಿ ಪಾರ್ವತಿಬಾಯಿಗೆ ಎದೆ ತುಂಬಿ ಬಂತು. ತನ್ನ ಸಂಚಿಯ ಪರಿಮಳಕ್ಕೆ ಕಣ್ಣೀರು ಹಾಕಿದವರನ್ನು ಆಕೆ ಇದುವರೆಗೆ ಕಂಡಿರಲಿಲ್ಲ. ಏಳುತ್ತ, ನಗುತ್ತ, “ಅದು ನಾನೇ—” ಎಂದು ಬಾಯಿ ತೆರೆದಳು.

ದಾದಿಯ ತುಟಿ ಅಲುಗಿತು. “ಕಾಫೂರ್” ಅಂದಳು, ಬಹಳ ಸಣ್ಣ ದನಿಯಲ್ಲಿ.

ಇಶ್ರತ್ ಪಾರ್ವತಿಬಾಯಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಉಗುರು ನಟ್ಟಿತು.

“ಡಾಂಬರ ಗುಳಿಗಿ ಅವ ರೀ ದಾದಿ. ನಾನೇ ಇಟ್ಟಿದ್ದೆ. ನುಸಿ ಆಗಬಾರದಂತ ಇಟ್ಟೆ. ನನ್ನ ಬುದ್ಧಿಗಿಷ್ಟು! ತಪ್ಪಾತ್ರಿ, ಮಾಫ್ ಮಾಡ್ರಿ.”

“ಡಾಂಬರ ಗುಳಿಗಿ ನಾವೂ ನೋಡೀವಿ ಬೇಗಂ” ಅಂದಳು ಫೂಫಿ. “ಕಫನಿಗೆ ಹಾಕೂದು ದುಲ್ಹನ್ ಜೋಡಿಗೆ ಹಾಕೀರಲ್ಲ, ಸೊಸಿನ್ನ ಕಳಸಾಕತ್ತೀರೋ, ಮೈಯತ್ ಕಳಸಾಕತ್ತೀರೋ?”

ಆಗ ಪಾರ್ವತಿಬಾಯಿಗೆ ತಿಳಿಯಿತು. ತನಗೆ ಆರತಿಯಾದ ಕಪ್ಪುರ ಇವರಿಗೆ ಕಡೆಯ ಸ್ನಾನ. ಹೆಣಕ್ಕೆ ನೀರೆರೆದು, ಹಣೆಗೆ ಕೈಗೆ ಕಾಲಿಗೆ ಕಾಫೂರ್ ಹಚ್ಚಿ, ಕಫನಿನ ಬಿಳಿ ಬಟ್ಟೆ ಹೊದಿಸುತ್ತಾರೆ. ಓಣಿಯಲ್ಲಿ ಇಶ್ರತಳ ಅತ್ತೆ ಸತ್ತಾಗ ತಾನೂ ಆ ಅಂಗಳದಲ್ಲಿ ಕೂತಿದ್ದಳು. ವಾಸನೆ ಬಂದಿತ್ತು. ಅಂದು ಅದು ತನ್ನ ಸೀರೆಯದೇ ಅಂದುಕೊಂಡಿದ್ದಳು.

ಇಶ್ರತ್ ತಲೆ ತಗ್ಗಿಸಿ ನಿಂತಿದ್ದಳು. ಮಗಳ ಅತ್ತೆಯ ಮನೆಯವರೆಲ್ಲರ ಎದುರು. ಪಾರ್ವತಿಬಾಯಿ ಒಂದು ಮಾತು ಆಡಿದ್ದರೆ ಸಾಕಿತ್ತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆಕೆ ಮೆಲ್ಲಗೆ ಕುರ್ಚಿಯಲ್ಲಿ ಕುಳಿತು ನೆಲ ನೋಡಿದಳು.

ಬಂದವರು ಊಟ ಮಾಡಿದ ಶಾಸ್ತ್ರ ಮಾಡಿ ಹೋದರು. ಹೋದ ಮೇಲೆ ಯಾರೂ ಪಾರ್ವತಿಬಾಯಿಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಜೀವ ಹಗುರಾಗುತ್ತಿತ್ತು. ಶಂಶುದ್ದೀನ್ ಮಾಳಿಗೆಯ ಮೇಲೆ ತಂತಿ ಕಟ್ಟಿ ಕೆಳಗಿಳಿದು, ಅಲಮಾರಿಯ ಖಾಲಿ ಹೊಟ್ಟೆಯಲ್ಲಿ ಲೋಬಾನದ ಕೆಂಡ ಇಟ್ಟ. ಮೀನಾಜ್ ಕೆನ್ನೆಯ ಅರಿಷಿಣ ಒಣಗುವ ಮೊದಲೇ ತನ್ನ ಬಟ್ಟೆಗಳನ್ನು ತಾನೇ ಹೊತ್ತು ಮೇಲೆ ತಂದಳು.

“ನೀ ಹೊರಬ್ಯಾಡ ಬಾಳಾ, ಕೊಡು ಇಲ್ಲೆ” ಎಂದು ಪಾರ್ವತಿಬಾಯಿ ಕೈಚಾಚಿದಳು.

“ಇರ್ಲಿ ಖಾಲಾ” ಅಂದಳು ಮೀನಾಜ್. ಮೆತ್ತಗೇ ಅಂದಳು. ಆದರೆ ಗಂಟು ಕೊಡಲಿಲ್ಲ.

ಬಿಸಿಲಿಗೆ ಬಟ್ಟೆ ಕೊಡವಿ ಹಾಕುತ್ತ ಇಬ್ಬರು ಗೆಳತಿಯರು ತಂತಿಯ ಆಚೆ ಈಚೆ ನಿಂತರು. ನಡುವೆ ಕೆಂಪು ಜೋಡು ತೂಗುತ್ತಿತ್ತು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

“ಒಂದು ಮಾತು ಬಿಡಿಸಿ ಹೇಳಿದ್ರ ಆಗ್ತಿತ್ತಲ್ಲ ಇಶ್ರತ್” ಎಂದಳು ಪಾರ್ವತಿಬಾಯಿ. ಅಂದ ಮೇಲೆ, ತಪ್ಪನ್ನು ಆಕೆಯ ಕಡೆಗೇ ತಳ್ಳಿದ ಹಾಗಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡಳು.

ಜೋಡಿನ ಹಿಂದಿನಿಂದ ಇಶ್ರತಳ ದನಿ ಬಂತು. “ಮದುವಿ ಮನ್ಯಾಗ ಆ ಹೆಸರು ಬಾಯಿಲೆ ಹ್ಯಾಂಗ ತೆಗೀಲಿ ಅಕ್ಕಾ? ಮಗಳ ಜೋಡಾ ಮಡಚಿಕೋತ ಕೂತಿದ್ದೆ, ಕೈಯಾಗ ಫೋನು. ಬ್ಯಾರೆ ಏನೂ ಬ್ಯಾಡ ಅಂದೆ. ನಿಮಗ ತಿಳೀತದ ಅಂದ್ಕೊಂಡೆ. ನಮ್ಮಕ್ಕಗ ಹೇಳೂದು ಏನದ ಅಂದ್ಕೊಂಡೆ.”

ಪಾರ್ವತಿಬಾಯಿಗೆ ಶೀತಲಳ ಬಳೆ ನೆನಪಾಯಿತು. ಒಡೀತು ಅನ್ನಬಾರದು, ಹೆಚ್ಚಾತು ಅನ್ನಬೇಕು. ಶುಭ ಕೆಲಸದಲ್ಲಿ ಬಾಯಿಗೆ ಬರಬಾರದ ಮಾತು ಇರುತ್ತದೆಂದು ಸೊಸೆಗೆ ಗದರಿಸಿ ಹೇಳಿದವಳು ತಾನು. ಅದೇ ಹೊತ್ತಿಗೆ ತನ್ನ ಬೆರಳು ಕಪ್ಪುರದ ಡಬ್ಬಿಯಲ್ಲಿತ್ತು. ಇಶ್ರತಳಿಗೂ ಬಾಯಿಗೆ ತರಬಾರದ ಮಾತು ಇರಬಹುದೆಂದು ಒಂದು ಗಳಿಗೆಯೂ ಹೊಳೆಯಲಿಲ್ಲ.

“ನಾ ಚಿಟಗುಪ್ಪಾದವ್ರಿಗೆ ಹೇಳ್ತೀನಿ, ಇಟ್ಟಾಕಿ ನಾನು ಅಂತ.”

ಇಶ್ರತ್ ಜೋಡು ಸರಿಸಿ ಈಚೆ ಬಂದಳು. “ಬ್ಯಾಡ ಅಕ್ಕಾ. ಆ ಫೂಫಿ ಬಾಯಿ ನೋಡಿದ್ರಲ್ಲ? ತಾಯಿ ಮರ್ತು ಇಟ್ಟಾಳ ಅಂದ್ರ ನಾಕು ದಿನ ನಗ್ತಾರ, ಬಿಡ್ತಾರ. ಬ್ಯಾರೆ ಮಂದಿ ಇಟ್ಟಾರ ಅಂದ್ರ ಕರಣಿ ಅಂತಾರ, ಜಾದು ಅಂತಾರ. ಅದು ನಿಮ್ಮ ಹೆಸರಿಗೂ ಹತ್ತತದ, ನನ್ನ ಮಗಳ ಬೆನ್ನಿಗೂ ಹತ್ತತದ. ನನಗ ಹತ್ತಿದ್ದು ನನಗ ಇರ್ಲಿ.”

ಬಸ್ಸಿನಲ್ಲಿ ರಾಜೇಶ್ವರ ದಾಟುವವರೆಗೆ ಪಾರ್ವತಿಬಾಯಿ ತಲೆ ಎತ್ತಲಿಲ್ಲ. ಮನೆಯಲ್ಲಿ ಶೀತಲ್, “ಅಲಮಾರಿ ನೋಡಿ ಏನಂದ್ರು ಅತ್ತಿ?” ಅಂತ ಕೇಳಿದಳು. ಆಕೆ ನಡೆದದ್ದೆಲ್ಲ ಹೇಳಿದಳು. “ನೀ ಹೇಳಿದ್ದಿ ಶೀತಲ್. ನಾ ಕೇಳಲಿಲ್ಲ.” ಸೊಸೆ ನೀರಿನ ತಂಬಿಗೆ ತಂದಿಟ್ಟಳು. ಮರುದಿನ ಪೂಜೆಗೆ ಕೂತಾಗ ಪಾರ್ವತಿಬಾಯಿ ಅಂಗೈಯಲ್ಲಿನ ಲಿಂಗವನ್ನು ಬಹಳ ಹೊತ್ತು ನೋಡುತ್ತ ಕೂತಳು. ಬೇಡಿಕೊಳ್ಳಲು ಏನೂ ತೋಚಲಿಲ್ಲ. ಇಶ್ರತಳ ಮಾತು ಮುರಿದರೆ ಮೀನಾಜಳಿಗೆ ಕೇಡು, ಉಳಿಸಿದರೆ ಬೇರೊಬ್ಬಳು ತನ್ನ ತಪ್ಪು ಹೊತ್ತು ಬೀಗರ ಮುಂದೆ ಜನ್ಮವಿಡೀ ತಲೆ ತಗ್ಗಿಸಬೇಕು. ತಾನು ಕಣ್ಣೀರು ಹಾಕಿಸಿದ್ದು ಆ ಮುದುಕಿ ದಾದಿಗೆ. ಹೇಳುವುದಾದರೆ ಆ ಒಬ್ಬಳಿಗೇ ಹೇಳಬೇಕು ಅಂದುಕೊಂಡಳು.

ಮದುವೆ ಹೆದ್ದಾರಿಯ ಪಕ್ಕದ ಶಾದಿಖಾನೆಯಲ್ಲಿ. ಪಾರ್ವತಿಬಾಯಿ ಮತ್ತೆ ಅದೇ ಇಳಕಲ್ ಉಟ್ಟಿದ್ದಳು. ಒಳ್ಳೆಯ ಸೀರೆಯೆನ್ನುವುದು ಆಕೆಗೆ ಅದೊಂದೇ. ಹೆಂಗಸರ ಕಡೆ, ಗೋಡೆಗೆ ಹತ್ತಿದ ಸೋಫಾದಲ್ಲಿ ದಾದಿ ಒಬ್ಬಳೇ ಕೂತಿದ್ದಳು. ಫೂಫಿ ವೇದಿಕೆಯ ಹತ್ತಿರ ಯಾರಿಗೋ ಮದುಮಗನ ತಲೆಗೆ ಕಟ್ಟುವ ಹೂವಿನ ಸೆಹರಾ ಸರಿ ಇಲ್ಲವೆಂದು ಜೋರು ಮಾಡುತ್ತಿದ್ದಳು. ಪಾರ್ವತಿಬಾಯಿ ಹೋಗಿ ದಾದಿಯ ಕಾಲ ಬಳಿ ನೆಲದ ಮೇಲೇ ಕುಳಿತಳು.

“ಅರೆ, ಮ್ಯಾಲ ಕೂಡ್ರಿ ಬೇಟಿ, ಕೆಳಗ ಯಾಕ?”

“ಒಂದು ಮಾತು ಹೇಳೂದದ ಅಮ್ಮಾ. ಆವತ್ತು ಅಲಮಾರ್ಯಾಗಿಂದು ಡಾಂಬರ ಗುಳಿಗಿ ಅಲ್ಲ. ಇಶ್ರತ್ ಇಟ್ಟಿದ್ದೂ ಅಲ್ಲ. ನಾ—”

“ನೀವು ಇಟ್ಟಿದ್ರಿ” ಅಂದಳು ದಾದಿ.

ಪಾರ್ವತಿಬಾಯಿ ತಲೆ ಎತ್ತಿದಳು.

“ಆವತ್ತೇ ಗೊತ್ತಾತು. ಅಲಮಾರಿ ತೆಗೆಯೂ ಮುಂಚೆ ನನ್ನ ಬಾಜೂ ಕೂತಿದ್ರಲ್ಲ. ನಿಮ್ಮ ಸೆರಗಿಗೂ ಅದೇ ವಾಸನಿ. ಈಗೂ ಬರ್ತದ.” ದಾದಿ ಸಣ್ಣಗೆ ಉಸಿರುಬಿಟ್ಟಳು. “ಇಶ್ರತ್ ತನ್ನ ಮ್ಯಾಲ ತೊಗೊಂಡ್ಲು, ನೀವು ಕುರ್ಚಿ ಮ್ಯಾಲ ಕೂತ್ರಿ. ಅದೂ ನೋಡಿದೆ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರಿಗೆ ಏನಾದರೂ ಹಿಡಿಯಬಹುದಿತ್ತು. ಆ ದಿನ ಪಾರ್ವತಿಬಾಯಿ ಬಾಯಿ ಮುಚ್ಚಿ ಕೂತಾಗ, ತನ್ನ ಮೈಮೇಲಿನ ಸೀರೆಯೇ ಹಜಾರಕ್ಕೆಲ್ಲ ಸಾರಿ ಹೇಳುತ್ತಿತ್ತು. ಕೇಳಿಸದೆ ಇದ್ದದ್ದು ತನ್ನೊಬ್ಬಳಿಗೆ.

“ತಪ್ಪಾತು ಅಮ್ಮಾ. ಕಪ್ಪುರದ್ದೂ, ಸುಮ್ಮ ಕೂತಿದ್ದೂ, ಎರಡೂ.”

“ಕಪ್ಪುರ ತಪ್ಪಲ್ಲ ಬಿಡ್ರಿ. ನಿಮ್ಮ ಕಡೆ ಅದು ದೇವರಿಗೆ ಅಂತ ನನಗ ಗೊತ್ತದ. ಚಿಟಗುಪ್ಪಾದಾಗ ನಮ್ಮ ಮನಿ ಎದುರಿಗೇ ಗುಡಿ ಅದ.” ದಾದಿ ಎರಡನೆಯದರ ಬಗ್ಗೆ ಏನೂ ಅನ್ನಲಿಲ್ಲ. “ಇಶ್ರತ್‌ಗ ಹೇಳಬ್ಯಾಡ್ರಿ, ನನಗ ಗೊತ್ತದ ಅಂತ. ಪಾಪ, ಎಷ್ಟು ಕಷ್ಟಪಟ್ಟು ಸುಳ್ಳು ಹೇಳ್ಯಾಳ! ಡಾಂಬರ ಗುಳಿಗಿ ಅಂತ!” ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. “ನನ್ನ ಮಗಳ ಬಾಯಿ ನಾ ನೋಡ್ಕೋತೀನಿ. ಹುಡುಗಿಗೆ ನಮ್ಮ ಮನ್ಯಾಗ ಯಾರೂ ಏನೂ ಅನ್ನೂದಿಲ್ಲ. ಇನ್ನ ಮ್ಯಾಲ ಕೂಡ್ರಿ, ಮಂದಿ ನೋಡಾಕತ್ತಾರ.”

ಪಾರ್ವತಿಬಾಯಿ ಎದ್ದಳು. ಸೋಫಾದಲ್ಲಿ ದಾದಿಯ ಪಕ್ಕ ಜಾಗವಿತ್ತು. ಆ ಕಡೆ ಗೋಡೆಯ ಫ್ಯಾನು ತಿರುಗುತ್ತಿತ್ತು. ಅಲ್ಲಿ ಕೂತರೆ ತನ್ನ ಸೆರಗಿನ ಗಾಳಿ ನೇರ ಮುದುಕಿಯ ಮುಖಕ್ಕೆ ಹೋಗುತ್ತದೆ. ಆಕೆ ಮುಂದಿನಿಂದ ಬಳಸಿ ಬಂದು, ಫ್ಯಾನಿನ ಗಾಳಿ ದಾದಿಯಿಂದ ತನ್ನ ಕಡೆಗೆ ಬೀಸುವ ಹಾಗೆ, ಇನ್ನೊಂದು ತುದಿಯಲ್ಲಿ ಕುಳಿತಳು. ಸೆರಗನ್ನು ಸುತ್ತಿ ತೊಡೆಯ ಕೆಳಗೆ ಒತ್ತಿಕೊಂಡಳು.

ದೂರದಿಂದ ಇಶ್ರತ್ ನೋಡಿದವಳು, ಜನರ ನಡುವೆ ದಾರಿ ಮಾಡಿಕೊಂಡು ಗಾಬರಿಯಲ್ಲಿ ಬಂದಳು. ಬಗ್ಗಿ ಕಿವಿಯಲ್ಲಿ, “ಏನಂದ್ರಿ ಅಕ್ಕಾ ದಾದಿಗೆ? ಹೇಳಿಬಿಟ್ರೇನು?” ಅಂದಳು.

ಪಾರ್ವತಿಬಾಯಿ ದಾದಿಯ ಕಡೆ ನೋಡಿದಳು. ದಾದಿ ವೇದಿಕೆಯ ಕಡೆ ನೋಡುತ್ತಿದ್ದಳು, ಏನೂ ಕೇಳಿಸದವಳ ಹಾಗೆ.

“ಏನಿಲ್ಲ ತಂಗಿ. ಸೀರಿ ಎಲ್ಲಿದು ಅಂತ ಕೇಳಿದ್ರು” ಅಂದಳು ಪಾರ್ವತಿಬಾಯಿ.